ತುಮಕೂರಿನ ಹಾರ್ಮೋನಿಯಂ ಮೇಷ್ಟ್ರ ರಂಗಗೀತೆ ಕ್ಲಾಸು: ಸೇರಬಹುದಾ?

ರಂಗಗೀತೆ ಕಲಿಯುವ ಆಸೆ ಇದ್ದು, ತುಮಕೂರಿನಲ್ಲಿ ಯಾರು ಕಲಿಸುತ್ತಾರೆ ಅಂತ ಹುಡುಕುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಚಿಕ್ಕಪೇಟೆ ಕಡೆ ಒಂದು ಹಳೇ ಮನೆಯ ಮಹಡಿ ಮೇಲೆ ಭಾನುವಾರ ಬೆಳಿಗ್ಗೆ ಈ ಕ್ಲಾಸು ನಡೆಯುತ್ತದೆ. ಬೋರ್ಡ್ ಇಲ್ಲ. ಕ್ಲಾಸಿಗೊಂದು ಹೆಸರೂ ಇಲ್ಲ. ಆ ಕಡೆ ಯಾರನ್ನು ಕೇಳಿದರೂ ‘ಹಾರ್ಮೋನಿಯಂ ಮೇಷ್ಟ್ರ ಕ್ಲಾಸಾ?’ ಅಂತ ದಾರಿ ತೋರಿಸುತ್ತಾರೆ. ನಾನು ಕಳೆದ ವರ್ಷದಿಂದ ಹೋಗುತ್ತಿದ್ದೇನೆ. ತಿಂಗಳಿಗೆ 800 ರೂಪಾಯಿ. ಆ ದುಡ್ಡಿಗೆ ಇಷ್ಟು ಒಳ್ಳೆಯ ಪಾಠ ನಮ್ಮೂರಲ್ಲಿ ಬೇರೆಲ್ಲೂ ನನಗೆ ಸಿಕ್ಕಿಲ್ಲ. ಕೊರತೆಗಳೂ ಇವೆ, ಅದನ್ನೂ ಬರೆಯುತ್ತೇನೆ.

ಮೊದಲ ದಿನ ಸರಳೆ, ಅಂದರೆ ಸಂಗೀತದ ಮೊದಲ ಸ್ವರಪಾಠ, ಹಾಡಿಸುತ್ತಾರೆ ಅಂದುಕೊಂಡು ಎಲ್ಲರೂ ಬರುತ್ತಾರೆ. ಮೇಷ್ಟ್ರು ಹಾರ್ಮೋನಿಯಂ ಮುಟ್ಟುವುದೇ ಇಲ್ಲ. ರಂಗನಟಿ, ಗಾಯಕಿ ಬಿ. ಜಯಶ್ರೀ ಅವರ ಕಥೆ ಹೇಳುತ್ತಾರೆ. ಸುಮ್ನೆ ಹೊಗಳೋಕೆ ಹೇಳುವ ಕಥೆ ಅಲ್ಲ ಅದು, ಇಡೀ ಕ್ಲಾಸು ನಡೆಯುವುದೇ ಆ ಕಥೆಯ ಮೇಲೆ. ಆಕೆ ಮೊದಲು ಕಂಪನಿ ನಾಟಕದಲ್ಲಿ ಬೆಳೆದರು, ಆಮೇಲೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತರು, ಆಮೇಲೆ ಜನಪದದ ಕಡೆ ಹೊರಳಿ ತಮ್ಮದೇ ತಂಡ ಕಟ್ಟಿದರು. ಮೇಷ್ಟ್ರ ಪಾಠವೂ ಇದೇ ಕ್ರಮದಲ್ಲಿ ಹೋಗುತ್ತದೆ. ಮೊದಲು ಕಂಪನಿಯ ಹಾಡು, ಆಮೇಲೆ ಮೈ ಮತ್ತು ಮಾತು, ಕೊನೆಗೆ ಮೇಳ, ಅಂದರೆ ಗುಂಪಾಗಿ ಹಾಡುತ್ತಾ ಕಥೆ ಹೇಳುವುದು. ಒಬ್ಬ ಕಲಾವಿದೆಯ ಬದುಕನ್ನೇ ಪಠ್ಯ ಮಾಡಿಕೊಂಡು ಕಲಿಸುವವರನ್ನು ನಾನು ಬೇರೆ ಕಡೆ ನೋಡಿಲ್ಲ.

ಜಯಶ್ರೀ ಅವರು ಹುಟ್ಟಿದ್ದು 1950ರಲ್ಲಿ. ತಾತ ಗುಬ್ಬಿ ನಾಟಕ ಕಂಪನಿ ನಡೆಸಿದ ಗುಬ್ಬಿ ವೀರಣ್ಣನವರು. ತಾಯಿ ಮಾಲತಮ್ಮನವರೂ ರಂಗನಟಿ. ಗುಬ್ಬಿ ಅಂದರೆ ನಮಗೆ ಪಕ್ಕದ ಊರು, ಬಸ್ಸು ಹತ್ತಿದರೆ ಆಯ್ತು. 1884ರಲ್ಲಿ ಆ ಸಣ್ಣ ಊರಲ್ಲಿ ಚನ್ನಬಸವೇಶ್ವರ ಸ್ವಾಮಿ ಹೆಸರಲ್ಲಿ ಶುರುವಾದ ನಾಟಕ ಸಂಘ ಮುಂದೆ ಕರ್ನಾಟಕದ ತುಂಬ ಓಡಾಡಿತು. ಕುರುಕ್ಷೇತ್ರ ನಾಟಕಕ್ಕೆ ನಿಜವಾದ ಆನೆ, ಕುದುರೆ ತಂದ ಕಂಪನಿ ಅದು. ಹೆಣ್ಣಿನ ಪಾತ್ರವನ್ನು ಗಂಡಸರೇ ಕಟ್ಟುತ್ತಿದ್ದ ಕಾಲದಲ್ಲಿ ಹೆಂಗಸರನ್ನು ರಂಗದ ಮೇಲೆ ನಿಲ್ಲಿಸಿದ ಕಂಪನಿಯೂ ಹೌದು. ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಎಲ್ಲ ಅಲ್ಲಿಂದಲೇ ಹಾದು ಬಂದವರು. ಮುಂದೆ ದೊಡ್ಡ ನಾಟಕ ನಿರ್ದೇಶಕರಾದ ಬಿ.ವಿ. ಕಾರಂತರು ಹುಡುಗನಾಗಿದ್ದಾಗ ಮನೆ ಬಿಟ್ಟು ಓಡಿಬಂದು ಸೇರಿಕೊಂಡಿದ್ದೂ ಅಲ್ಲಿಗೇ, ಮುಂದೆ ಅವರನ್ನು ಓದಲು ಕಾಶಿಗೆ ಕಳಿಸಿದ್ದು ವೀರಣ್ಣನವರೇ. ಅಂಥ ಮನೆಯಲ್ಲಿ ಜಯಶ್ರೀ ಅವರು ಚಿಕ್ಕ ಮಗುವಾಗಿದ್ದಾಗಲೇ ರಂಗ ಹತ್ತಿದರು.

ಇದನ್ನೆಲ್ಲ ಹೇಳಿದ ಮೇಲೆ ಮೇಷ್ಟ್ರು ಕೇಳುವ ಪ್ರಶ್ನೆ ಒಂದೇ. ಮೈಕು ಇಲ್ಲದ ಕಾಲದಲ್ಲಿ, ಟೆಂಟಿನ ಕೊನೇ ಸಾಲಲ್ಲಿ ಕಡಲೆಕಾಯಿ ತಿನ್ನುತ್ತಾ ಕೂತವನಿಗೆ ಹಾಡಿನ ಒಂದೊಂದು ಅಕ್ಷರ ಹೇಗೆ ತಲುಪುತ್ತಿತ್ತು? ಕೂಗಿದರೆ ತಲುಪುತ್ತದೆ ಅಂತ ನಾವೆಲ್ಲ ಅಂದೆವು. ಅವರು ಒಬ್ಬ ಹುಡುಗನಿಗೆ ಕೂಗೋಕೆ ಹೇಳಿದರು. ದನಿ ಜೋರಾಗಿಯೇ ಬಂತು, ಆದರೆ ಏನು ಹೇಳಿದ ಅಂತ ಬಾಗಿಲ ಹತ್ತಿರ ನಿಂತವರಿಗೆ ಗೊತ್ತಾಗಲಿಲ್ಲ. ಆಮೇಲೆ ಅದೇ ಸಾಲನ್ನು ಹೊಟ್ಟೆಯಿಂದ ಉಸಿರು ತೆಗೆದು, ಒತ್ತಕ್ಷರ ಒತ್ತಿ, ಸ್ವರ ಎಳೆಯುವ ಜಾಗದಲ್ಲಿ ಮಾತ್ರ ಎಳೆದು ತೋರಿಸಿದರು. ಎಪ್ಪತ್ತು ದಾಟಿದವರು, ಜೋರು ಮಾಡಲೇ ಇಲ್ಲ. ಕೆಳಗಡೆ ಅಂಗಡಿಯವರು ತಲೆ ಎತ್ತಿ ನೋಡಿದರು.

ಅದಕ್ಕೇ ಕ್ಲಾಸಿನಲ್ಲಿ ಮೈಕ್ ಇಲ್ಲ, ಕರೋಕೆ ಇಲ್ಲ, ಮೊಬೈಲಿನಲ್ಲಿ ಶ್ರುತಿಪೆಟ್ಟಿಗೆ ಹಾಕುವುದೂ ಇಲ್ಲ. ಒಂದು ಲೆಗ್ ಹಾರ್ಮೋನಿಯಂ, ಒಂದು ಜೊತೆ ತಬಲಾ ಅಷ್ಟೇ. ಲೆಗ್ ಹಾರ್ಮೋನಿಯಂ ನೋಡದವರಿಗೆ ಹೇಳುತ್ತೇನೆ: ಕಾಲಲ್ಲಿ ತಿದಿ ಒತ್ತುತ್ತಾರೆ, ಎರಡು ಕೈಯೂ ಮನೆಗಳ, ಅಂದರೆ ಕೀಗಳ, ಮೇಲೆ ಓಡಾಡಲು ಬಿಡುವಾಗಿರುತ್ತದೆ. ಜೊತೆಗೆ ಕಣ್ಣೂ ಬಿಡುವು. ನಟ ಯಾವ ಮಾತಿನ ಮೇಲೆ ಹಾಡು ಎತ್ತುತ್ತಾನೆ ಅಂತ ಮೇಷ್ಟ್ರು ಅವನ ಮುಖವನ್ನೇ ನೋಡುತ್ತಿರಬೇಕಲ್ಲ.

ನನಗೆ ಜಾಸ್ತಿ ಉಪಯೋಗ ಆಗಿದ್ದು ‘ಮಾತು ಎತ್ತುವುದು’ ಅಂತ ಅವರು ಕರೆಯುವ ಪಾಠ. ಕೋಣೆಯ ಒಂದು ಮೂಲೆಯಿಂದ ಇನ್ನೊಂದಕ್ಕೆ ನಡೆಯುತ್ತಾ ಸಂಭಾಷಣೆ ಹೇಳಬೇಕು, ನಡುವೆ ಮೇಷ್ಟ್ರು ಸ್ವರ ಹಿಡಿದ ಕ್ಷಣ ಅದೇ ಮಾತು ಹಾಡಾಗಬೇಕು, ಹಾಡು ಮುಗಿದ ಕೂಡಲೇ ಮತ್ತೆ ಮಾತಿಗೆ ಬರಬೇಕು, ನಡಿಗೆ ಮಾತ್ರ ನಿಲ್ಲಬಾರದು. ಮಾತಾಡುವ ಗಂಟಲು ಒಂದು, ಹಾಡುವ ಗಂಟಲು ಇನ್ನೊಂದು ಆದರೆ ಮೇಷ್ಟ್ರು ತಕ್ಷಣ ನಿಲ್ಲಿಸಿ, ‘ತಾಯಿ, ಈಗ ಇನ್ಯಾರೋ ಬಂದು ಹಾಡಿದರು, ನೀವು ಎಲ್ಲಿ ಹೋದಿರಿ?’ ಅಂತ ಕೇಳುತ್ತಾರೆ. ಜಯಶ್ರೀ ಅವರ ನಾಟಕ ನೋಡಿದವರಿಗೆ ಇದು ಕೂಡಲೇ ಅರ್ಥ ಆಗುತ್ತದೆ. ಅವರು ಮಾತಾಡುತ್ತಿದ್ದಾರಾ ಹಾಡುತ್ತಿದ್ದಾರಾ ಅಂತ ಬೇರೆ ಮಾಡೋಕೇ ಆಗಲ್ಲ. ಸಿಟ್ಟು ಬಂದರೆ ಹಾಡಲ್ಲೂ ಸಿಟ್ಟೇ ಇರುತ್ತದೆ. ರಾಗ ಚೆನ್ನಾಗಿ ಬರಲಿ ಅಂತ ಪಾತ್ರವನ್ನು ಒಂದು ಗಳಿಗೆ ಪಕ್ಕಕ್ಕಿಟ್ಟಿದ್ದು ನಾನಂತೂ ನೋಡಿಲ್ಲ. ಟಿವಿಯ ಹಾಡಿನ ಸ್ಪರ್ಧೆಗಳಲ್ಲಿ ಗಂಟಲಿಗೆ ಅಂಕ ಕೊಡುತ್ತಾರೆ, ಪಾತ್ರಕ್ಕೆ ಕೊಡೋದಿಲ್ಲ. ರಂಗದ ಗಾಯಕಿಯನ್ನು ಆ ಅಳತೆಯಲ್ಲಿ ಅಳೆದರೆ ತಪ್ಪಾಗುತ್ತದೆ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಎರಡನೇ ಹಂತಕ್ಕೆ ಬೇರೆ ಮೇಷ್ಟ್ರು. ನಾಟಕ ಶಾಲೆಯಲ್ಲಿ ಕಲಿತು ಬಂದ ಹುಡುಗ, ಎರಡು ವಾರಕ್ಕೊಮ್ಮೆ ಬರುತ್ತಾರೆ. ಜಯಶ್ರೀ ಅವರು 1973ರಲ್ಲಿ ರಾಷ್ಟ್ರೀಯ ನಾಟಕ ಶಾಲೆ ಮುಗಿಸಿದರು. ಆಗ ಅಲ್ಲಿ ಇಬ್ರಾಹಿಂ ಅಲ್ಕಾಜಿಯವರು ನಿರ್ದೇಶಕರು. ಶಿಸ್ತಿಗೆ ಹೆಸರಾದವರು. ಕಂಪನಿಯಲ್ಲಿ ಹುಟ್ಟಿ ಬೆಳೆದ ಹುಡುಗಿ, ರಂಗ ಅಂದರೆ ಏನು ಅಂತ ಗೊತ್ತಿದ್ದವಳು, ಮತ್ತೆ ಹೋಗಿ ವಿದ್ಯಾರ್ಥಿಯಾಗಿ ಕೂತಳಲ್ಲ, ಇಡೀ ಕಥೆಯಲ್ಲಿ ನನಗೆ ತುಂಬ ಇಷ್ಟವಾದ ಜಾಗ ಅದು. ಈ ಹಂತದಲ್ಲಿ ಓಡುತ್ತಾ ಹಾಡಿಸುತ್ತಾರೆ, ಬಗ್ಗಿ ಹಾಡಿಸುತ್ತಾರೆ, ಬೆನ್ನು ತಿರುಗಿಸಿ ಹಾಡಿಸುತ್ತಾರೆ. ಉಚ್ಚಾರಣೆಗೆ ಒಂದಿಡೀ ಗಂಟೆ. ನಮ್ಮ ಕಡೆ ಅಕಾರ ಹಕಾರ ಅದಲುಬದಲಾಗುವುದು, ಮಹಾಪ್ರಾಣ ಮಾಯವಾಗುವುದು ಗೊತ್ತಲ್ವಾ, ಪೌರಾಣಿಕ ನಾಟಕದಲ್ಲಿ ಭೀಮ ಹೋಗಿ ಬೀಮ ಆಗುತ್ತಾನೆ, ಅದನ್ನೆಲ್ಲ ತಾಳ್ಮೆಯಿಂದ ತಿದ್ದುತ್ತಾರೆ. ಹಳ್ಳಿಯಿಂದ ಬಂದವರನ್ನು ಆಡಿಕೊಳ್ಳುವುದಿಲ್ಲ. ಅದೇ ಬಾಯಿಯಲ್ಲಿ ಜನಪದ ಹಾಡುವಾಗ ನಿಮ್ಮ ಊರಿನ ಮಾತೇ ಇರಲಿ ಅಂತಲೂ ಹೇಳುತ್ತಾರೆ.

ಈಗ ಒಂದು ತಕರಾರು. ಹೆಂಗಸರಿಗೆಲ್ಲ ಮೇಷ್ಟ್ರು ಒಂದೇ ಶ್ರುತಿ, ಅಂದರೆ ಹಾಡಿನ ಆಧಾರ ಸ್ವರ, ಇಡುತ್ತಿದ್ದರು: ಮೇಲಿನ ದನಿಗೆ ಹೊಂದುವ ಐದೂವರೆ. ಕಂಪನಿಯಲ್ಲಿ ನಾಯಕಿ ಅಂದರೆ ದನಿ ಮೇಲಿರಬೇಕು ಅನ್ನುವ ಹಳೇ ಲೆಕ್ಕ. ನಮ್ಮ ಜೊತೆ ಕಲಿಯುವ ಒಬ್ಬ ಅಕ್ಕ ಇದ್ದಾರೆ, ಅವರದು ದಪ್ಪ ದನಿ. ಚಿಕ್ಕವರಿದ್ದಾಗ ಶಾಲೆಯಲ್ಲಿ ಗಂಡು ದನಿ ಅಂತ ಪ್ರಾರ್ಥನೆಗೂ ಸೇರಿಸಿಕೊಳ್ಳಲಿಲ್ಲವಂತೆ. ಮದುವೆಯಾಗಿ, ಮಕ್ಕಳು ಕಾಲೇಜಿಗೆ ಹೋದ ಮೇಲೆ ಧೈರ್ಯ ಮಾಡಿ ಇಲ್ಲಿಗೆ ಬಂದವರು. ಐದೂವರೆಯಲ್ಲಿ ಮೇಲಿನ ಷಡ್ಜ ಮುಟ್ಟುವಷ್ಟರಲ್ಲಿ ಅವರ ದನಿ ಒಡೆಯುತ್ತಿತ್ತು, ವಾರ ವಾರ ಇನ್ನಷ್ಟು ಹಿಂದಿನ ಸಾಲಿಗೆ ಸರಿಯುತ್ತಿದ್ದರು. ನಾನು ಒಂದು ದಿನ ಕೇಳಿಯೇಬಿಟ್ಟೆ, ‘ಮೇಷ್ಟ್ರೇ, ಜಯಶ್ರೀ ಅಮ್ಮನವರ ದನಿ ಏನು ತೆಳ್ಳಗಿದೆಯಾ?’ ಅವರು ಸ್ವಲ್ಪ ಹೊತ್ತು ಹಾರ್ಮೋನಿಯಂ ನೋಡುತ್ತಾ ಕೂತರು. ಆಮೇಲೆ ಶ್ರುತಿ ಇಳಿಸಿ, ‘ಅಮ್ಮಾ, ನೀವು ಮುಂದೆ ಬನ್ನಿ’ ಅಂದರು. ಆ ಅಕ್ಕ ಅವತ್ತು ಹಾಡಿದ್ದನ್ನು ಕೇಳಬೇಕಿತ್ತು ನೀವು. ಕೋಣೆ ತುಂಬಿತ್ತು.

ಜಯಶ್ರೀ ಅವರ ಬದುಕಿನಲ್ಲಿ ಎಲ್ಲರೂ ಗಮನಿಸಬೇಕಾದ್ದು ಇದು ಅಂತ ನನಗೆ ಅನಿಸುತ್ತದೆ. ಹೆಣ್ಣಿನ ದನಿ ಅಂದರೆ ಸಣ್ಣಗೆ, ಇಂಪಾಗಿ, ಮೇಲೆ ಇರಬೇಕು ಅಂತ ಎಲ್ಲ ಕಡೆ ಹೇಳುತ್ತಿದ್ದ ಕಾಲ. ಅಂಥ ಕಾಲದಲ್ಲಿ ಒಂದು ತುಂಬಿದ, ಮಣ್ಣಿನಂಥ ದನಿ ಇಟ್ಟುಕೊಂಡು ಅವರು ನಾಯಕಿಯೂ ಆದರು, ಮುದುಕಿಯೂ ಆದರು, ಸಿನಿಮಾದಲ್ಲಿ ಬೇರೆ ನಟಿಯರಿಗೆ ಕಂಠದಾನವೂ ಮಾಡಿದರು, ಹಿನ್ನೆಲೆ ಗಾಯಕಿಯಾಗಿಯೂ ಹಾಡಿದರು. 1997ರಲ್ಲಿ ನಾಗಾಭರಣ ಅವರು ತೆಗೆದ ‘ನಾಗಮಂಡಲ’ ಸಿನಿಮಾದ ಕುರುಡವ್ವನನ್ನು ನೆನಪು ಮಾಡಿಕೊಳ್ಳಿ. ಕಣ್ಣು ಕಾಣದ ಆ ಮುದುಕಿ ಬಾಯಿ ತೆರೆದರೆ ಮನೆಯ ಅಜ್ಜಿಯೇ ಮಾತಾಡಿದ ಹಾಗೆ ಇರುತ್ತದೆ. ಅಂಥ ದನಿ ಇರುವ ಹುಡುಗಿಯರು ನಮ್ಮ ಜಿಲ್ಲೆಯಲ್ಲಿ ಎಷ್ಟೋ ಜನ ಇರುತ್ತಾರೆ. ಅವರಿಗೆ ನೀನು ಹಾಡಬೇಡ ಅಂತ ಹೇಳುವ ಮೊದಲು ಒಂದು ಸಲ ಶ್ರುತಿ ಇಳಿಸಿ ನೋಡಿ. ಈಗ ಕ್ಲಾಸಿನಲ್ಲಿ ಸೇರುವ ದಿನವೇ ಪ್ರತಿಯೊಬ್ಬರ ಶ್ರುತಿ ನೋಡಿ ಬರೆದಿಡುತ್ತಾರೆ. ಇದಕ್ಕೆ ಮೇಷ್ಟ್ರಿಗೆ ಪೂರ್ತಿ ಅಂಕ ಕೊಡಬೇಕು, ಆ ವಯಸ್ಸಿನಲ್ಲಿ ಪದ್ಧತಿ ಬದಲಾಯಿಸುವುದು ಸುಲಭ ಇಲ್ಲ.

ಮೂರನೇ ಹಂತ ಮೇಳ. 1976ರಲ್ಲಿ ಜಯಶ್ರೀ ಅವರು ‘ಸ್ಪಂದನ’ ತಂಡ ಕಟ್ಟಿದರು. ಅದರ ‘ಲಕ್ಷಾಪತಿ ರಾಜನ ಕಥೆ’ ಉತ್ತರ ಕರ್ನಾಟಕದಲ್ಲಿ ಹಾಡುತ್ತಾ ಕಥೆ ಹೇಳುವ ಗೊಂದಲಿಗರ ಮೇಳದ ಧಾಟಿಯಲ್ಲಿ ಕಟ್ಟಿದ ನಾಟಕ. ಚಂದ್ರಶೇಖರ ಕಂಬಾರರ ‘ಕರಿಮಾಯಿ’ ಕಾದಂಬರಿಯನ್ನೂ ರಂಗಕ್ಕೆ ತಂದರು. ಕಂಪನಿ ನಾಟಕದಲ್ಲಿ ಒಬ್ಬರು ಹಾಡುತ್ತಾರೆ, ಜನ ‘ಒನ್ಸ್ ಮೋರ್’ ಅಂದರೆ ಕಥೆ ಅಲ್ಲೇ ನಿಲ್ಲುತ್ತದೆ, ಸತ್ತ ಪಾತ್ರವೂ ಎದ್ದು ಇನ್ನೊಮ್ಮೆ ಹಾಡಬೇಕು. ಮೇಳದಲ್ಲಿ ಹಾಗಿಲ್ಲ. ಹಾಡು ಒಬ್ಬರಿಂದ ಒಬ್ಬರಿಗೆ ಹೋಗುತ್ತದೆ, ಒಬ್ಬರು ಕಥೆ ಹೇಳಿದರೆ ಉಳಿದವರು ಹೂಂಗುಟ್ಟುತ್ತಾರೆ, ಪ್ರಶ್ನೆ ಕೇಳುತ್ತಾರೆ, ಸೊಲ್ಲು ಎತ್ತಿಕೊಳ್ಳುತ್ತಾರೆ. ಕಥೆ ಹಾಡಿನ ಮೇಲೇ ಮುಂದೆ ಹೋಗುತ್ತದೆ. ಮೇಷ್ಟ್ರು ಕಂಪನಿ ಮನುಷ್ಯ, ಆದರೂ ಈ ಹಂತಕ್ಕೆ ಹಾರ್ಮೋನಿಯಂ ಮುಚ್ಚಿಟ್ಟು ಬರೀ ತಾಳ, ಚಪ್ಪಾಳೆ ಇಟ್ಟುಕೊಂಡು ಹಾಡಿಸುತ್ತಾರೆ. ಹಾರ್ಮೋನಿಯಂನ ಮನೆಗಳಲ್ಲಿ ಸಿಗದ ಸ್ವರಗಳು ಜನಪದದಲ್ಲಿ ಇರುತ್ತವೆ, ಅದಕ್ಕೆ.

ಪ್ರಶಸ್ತಿಗಳ ವಿಷಯವನ್ನು ಮೇಷ್ಟ್ರು ಒಂದೇ ಉಸಿರಿಗೆ ಹೇಳಿ ಮುಗಿಸುತ್ತಾರೆ: 1996ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 2010ರಲ್ಲಿ ರಾಜ್ಯಸಭೆಗೆ ನಾಮಕರಣ, 2013ರಲ್ಲಿ ಪದ್ಮಶ್ರೀ, ಮೈಸೂರಿನ ರಂಗಾಯಣ ನಾಟಕ ಸಂಸ್ಥೆಯ ನಿರ್ದೇಶಕಿಯಾಗಿದ್ದೂ ಉಂಟು. ತಾತ ವೀರಣ್ಣನವರಿಗೂ ಪದ್ಮಶ್ರೀ ಬಂದಿತ್ತು, 1972ರಲ್ಲಿ. ಅದಕ್ಕಿಂತ ಹೆಚ್ಚು ಹೊತ್ತು ಅವರು ಮಾತಾಡುವುದು ಜಯಶ್ರೀ ಅವರಿಗಿಂತ ಮುಂಚಿನ ಹೆಂಗಸರ ಬಗ್ಗೆ. ಗುಬ್ಬಿ ಕಂಪನಿಯ ಬಿ. ಜಯಮ್ಮನವರು, ರಂಗದಲ್ಲೂ ಸಿನಿಮಾದಲ್ಲೂ ಹಾಡಿ ನಟಿಸಿದವರು. 1958ರಲ್ಲಿ ಬರೀ ಹೆಂಗಸರ ‘ಸ್ತ್ರೀ ನಾಟಕ ಮಂಡಳಿ’ ಕಟ್ಟಿ, ಗಂಡು ಪಾತ್ರಗಳಲ್ಲಿ ಘರ್ಜಿಸಿದ ಆರ್. ನಾಗರತ್ನಮ್ಮನವರು. ಬಳ್ಳಾರಿ ಕಡೆಯ ರಂಗನಟಿ ಸುಭದ್ರಮ್ಮ ಮನ್ಸೂರು. ಇಷ್ಟು ಜನ ನಡೆದ ದಾರಿ ಇದು ಅಂತ ಗೊತ್ತಾದರೆ ಹಾಡುವಾಗ ಬೆನ್ನು ತಾನಾಗಿ ನೆಟ್ಟಗಾಗುತ್ತದೆ.

ಇಲ್ಲಿ ನನಗೆ ಸಿಕ್ಕ ದೊಡ್ಡ ಲಾಭ ಇನ್ನೊಂದಿದೆ. ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಜಾತ್ರೆ ಬಂದರೆ ಪೌರಾಣಿಕ ನಾಟಕ ಇದ್ದೇ ಇರುತ್ತದೆ, ನಗರದಲ್ಲೂ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ಆಗಾಗ ಆಡುತ್ತಾರೆ. ಊರಿನ ಗಂಡಸರು ತಾವೇ ದುಡ್ಡು ಹಾಕಿ ದುರ್ಯೋಧನ, ಕೃಷ್ಣ, ಭೀಮ ಆಗುತ್ತಾರೆ. ತಿಂಗಳುಗಟ್ಟಲೆ ಮೇಷ್ಟ್ರ ಹತ್ತಿರ ಪ್ರಾಕ್ಟೀಸ್ ಮಾಡುತ್ತಾರೆ. ದ್ರೌಪದಿ, ಕುಂತಿ, ಉತ್ತರೆಗೆ ಮಾತ್ರ ಹೊರಗಿನಿಂದ ಕಲಾವಿದೆಯರು ಬರುತ್ತಾರೆ. ಅವರು ಬರುವುದು ಸಾಯಂಕಾಲ, ಬಣ್ಣ ಹಚ್ಚಿಕೊಂಡು ರಾತ್ರಿ ರಂಗಕ್ಕೆ. ರಿಹರ್ಸಲ್ ಇಲ್ಲ. ಎದುರಿನ ನಟ ಯಾರು ಅಂತಲೂ ಗೊತ್ತಿರುವುದಿಲ್ಲ. ಹೀಗೆ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಪಾತ್ರ ಮಾಡಿದ ಒಬ್ಬ ಕಲಾವಿದೆಯನ್ನು ಮೇಷ್ಟ್ರು ನಮಗೆ ಪಾಠ ಹೇಳಲು ಕರೆಸಿದ್ದರು. ಆಕೆ ಬಂದು ಕುರ್ಚಿಯಲ್ಲಿ ಕೂರಲಿಲ್ಲ, ನಮ್ಮ ಜೊತೆ ಚಾಪೆ ಮೇಲೆ ಕೂತರು. ಗೊತ್ತಿಲ್ಲದ ಊರಲ್ಲಿ ಗೊತ್ತಿಲ್ಲದ ಮೇಷ್ಟ್ರ ಶ್ರುತಿಯನ್ನು ಒಂದೇ ಸ್ವರದಲ್ಲಿ ಹಿಡಿಯುವುದು ಹೇಗೆ, ಎದುರಿನವನು ತಾಳ ತಪ್ಪಿದರೆ ಜನಕ್ಕೆ ಗೊತ್ತಾಗದ ಹಾಗೆ ಒಂದು ಮಾತು ಸೇರಿಸಿ ಅವನನ್ನು ದಾರಿಗೆ ತರುವುದು ಹೇಗೆ, ಬೆಳಗಿನ ಜಾವದವರೆಗೆ ಗಂಟಲು ಉಳಿಸಿಕೊಳ್ಳುವುದು ಹೇಗೆ, ಒಂದೊಂದನ್ನೂ ಮಾಡಿ ತೋರಿಸಿದರು. ‘ನಿಮ್ಮೂರ ಭೀಮ ಎಲ್ಲಿ ಎತ್ತುತ್ತಾನೋ ನನಗೇನು ಗೊತ್ತು? ನಾನು ಮೇಷ್ಟ್ರ ಕಣ್ಣು ನೋಡ್ತೀನಿ, ಮೇಷ್ಟ್ರು ನನ್ನ ಉಸಿರು ನೋಡ್ತಾರೆ, ನಾಟಕ ನಡೆಯುತ್ತೆ’ ಅಂದರು. ದ್ರೌಪದಿಯ ಒಂದು ಕಂದ ಪದ್ಯ ಹಾಡಿ ಮುಗಿಸಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ, ತಟ್ಟೋಕೆ ಕೈ ಬರಲಿಲ್ಲ. ಅವರಿಗೆ ದೊಡ್ಡ ಪ್ರಶಸ್ತಿ ಯಾವುದೂ ಬಂದಿಲ್ಲ. ರಾತ್ರಿಯಿಡೀ ಹಾಡಿದ್ದಕ್ಕೆ ಸಿಗುವ ದುಡ್ಡಿಗೂ ಚೌಕಾಸಿ ಮಾಡುವವರಿದ್ದಾರೆ ಅಂತ ಕೇಳಿ ತುಂಬ ಬೇಜಾರಾಯಿತು. ಜಯಶ್ರೀ ಅವರಿಗೆ ಪದ್ಮಶ್ರೀ ಬಂದಾಗ ಹೆಮ್ಮೆಪಟ್ಟ ಜಿಲ್ಲೆ ನಮ್ಮದು, ಅದೇ ರಂಗದಲ್ಲಿ ದುಡಿಯುವ ಈ ಹೆಣ್ಣುಮಕ್ಕಳಿಗೆ ಒಪ್ಪಿಕೊಂಡ ಸಂಭಾವನೆಯನ್ನಾದರೂ ಪೂರ್ತಿ ಕೊಡಬೇಕು.

ಕೊರತೆಗಳಿಗೆ ಬರುತ್ತೇನೆ. ಜಾತ್ರೆ ಸೀಸನ್‌ನಲ್ಲಿ, ಅಂದರೆ ಸಂಕ್ರಾಂತಿ ಆದ ಮೇಲೆ ಯುಗಾದಿ ದಾಟುವ ತನಕ, ಕ್ಲಾಸು ನಂಬೋಕಾಗಲ್ಲ. ಹಳ್ಳಿಗಳಿಂದ ಕರೆ ಬಂದರೆ ಮೇಷ್ಟ್ರು ಹೊರಟುಬಿಡುತ್ತಾರೆ. ಅವರ ಹೊಟ್ಟೆಪಾಡು, ಅದನ್ನು ತಪ್ಪು ಅನ್ನಲ್ಲ. ಆದರೆ ಹಿಂದಿನ ರಾತ್ರಿಯಾದರೂ ತಿಳಿಸಬೇಕು. ಶಿರಾ, ಮಧುಗಿರಿಯಿಂದ ಬೆಳಿಗ್ಗೆ ಬಸ್ಸು ಹಿಡಿದು ಬರುವವರು ಬೀಗ ನೋಡಿ ವಾಪಸ್ ಹೋಗಿದ್ದಾರೆ. ತಪ್ಪಿದ ಕ್ಲಾಸನ್ನು ಇನ್ನೊಂದು ದಿನ ತೆಗೆದುಕೊಳ್ಳುವುದೂ ಇಲ್ಲ, ಫೀಸಿನಲ್ಲಿ ಕಡಿಮೆ ಮಾಡುವುದೂ ಇಲ್ಲ. ಮಹಡಿಯಲ್ಲಿ ಶೌಚಾಲಯ ಇಲ್ಲ, ಕೆಳಗಿನ ಮನೆಯವರನ್ನು ಕೇಳಬೇಕು, ಹೆಂಗಸರಿಗೆ ಇದು ಕಷ್ಟ. ಮೆಟ್ಟಿಲು ಕಡಿದಾಗಿವೆ, ಮಂಡಿ ನೋವು ಇರುವವರು ಯೋಚಿಸಿ. ಕಾರು ತರಬೇಡಿ, ಆ ಬೀದಿಯಲ್ಲಿ ನಿಲ್ಲಿಸೋಕೆ ಜಾಗ ಇಲ್ಲ. ಹಾಡುಗಳ ಸಾಹಿತ್ಯ ಮೇಷ್ಟ್ರ ಹಳೇ ನೋಟ್‌ಬುಕ್ಕಿನಲ್ಲಿದೆ, ನಾವು ಕೂತು ಬರೆದುಕೊಳ್ಳಬೇಕು, ಅದರಲ್ಲೇ ಅರ್ಧ ಗಂಟೆ ಹೋಗುತ್ತದೆ. ಆ ನೋಟ್‌ಬುಕ್‌ನ ಹಾಳೆಗಳು ಮುಟ್ಟಿದರೆ ಉದುರುತ್ತಿವೆ. ಅದನ್ನು ಸ್ಕ್ಯಾನ್ ಮಾಡಿ ಇಡೋಣ ಅಂತ ನಾವು ಕೆಲವರು ಒತ್ತಾಯ ಮಾಡುತ್ತಿದ್ದೇವೆ, ಇನ್ನೂ ಒಪ್ಪಿಲ್ಲ. ಒಪ್ಪಿಸದೆ ಬಿಡೋದಿಲ್ಲ.

ಯಾರು ಸೇರಬಹುದು? ಸಿನಿಮಾ ಹಾಡು ಕಲಿಯಬೇಕು, ಸ್ಪರ್ಧೆಗೆ ಹೋಗಬೇಕು ಅನ್ನುವವರಿಗೆ ಇದು ಬೇಡ. ಶಾಸ್ತ್ರೀಯ ಸಂಗೀತದಲ್ಲಿ ಪರೀಕ್ಷೆ ಕಟ್ಟಬೇಕು ಅನ್ನುವವರಿಗೂ ಬೇಡ, ಇಲ್ಲಿ ಸರ್ಟಿಫಿಕೇಟ್ ಕೊಡುವುದಿಲ್ಲ. ಹವ್ಯಾಸಿ ತಂಡಗಳಲ್ಲಿ ನಾಟಕ ಮಾಡುವವರು, ಊರ ಜಾತ್ರೆಯಲ್ಲಿ ಪಾತ್ರ ಕಟ್ಟುವವರು, ಮಕ್ಕಳಿಗೆ ನಾಟಕ ಹೇಳಿಕೊಡುವ ಶಿಕ್ಷಕರು ಕಣ್ಣುಮುಚ್ಚಿ ಸೇರಬಹುದು. ದನಿ ದಪ್ಪ ಅಂತ ಮನೆಯಲ್ಲಿ ಬಾಯಿ ಮುಚ್ಚಿಸಿರುವ ಹೆಣ್ಣುಮಕ್ಕಳಿದ್ದರೆ ದಯವಿಟ್ಟು ಕರೆದುಕೊಂಡು ಬನ್ನಿ. ಹತ್ತು ವರ್ಷದೊಳಗಿನ ಮಕ್ಕಳಿಗೆ ಬೇರೆ ಬ್ಯಾಚ್ ಇಲ್ಲ, ದೊಡ್ಡವರ ನಡುವೆ ಅವರಿಗೆ ಬೇಸರ ಆಗುತ್ತದೆ.

ಸೇರುವ ಮೊದಲು ಒಂದು ಭಾನುವಾರ ಸುಮ್ನೆ ಹೋಗಿ ಕೂತು ನೋಡಿ, ಅದಕ್ಕೆ ಮೇಷ್ಟ್ರು ದುಡ್ಡು ತೆಗೆದುಕೊಳ್ಳುವುದಿಲ್ಲ. ಹೊಟ್ಟೆ ತುಂಬ ತಿಂದು ಹೋಗಬೇಡಿ, ಉಸಿರಿನ ಪಾಠ ಆಗಲ್ಲ, ತಟ್ಟೆ ಇಡ್ಲಿಗೆ ಕ್ಯಾತ್ಸಂದ್ರಕ್ಕೆ ಹೋಗುವುದಿದ್ದರೆ ಕ್ಲಾಸು ಮುಗಿದ ಮೇಲೆ ಹೋಗಿ. ಒಂದು ದಪ್ಪ ನೋಟ್‌ಬುಕ್, ಒಂದು ನೀರಿನ ಬಾಟಲಿ ಇರಲಿ. ಹೊಸಬರನ್ನು ತಿಂಗಳ ಮೊದಲ ಭಾನುವಾರ ಮಾತ್ರ ಸೇರಿಸಿಕೊಳ್ಳುತ್ತಾರೆ, ಒಂಬತ್ತು ಗಂಟೆಗೆ ಅಂದರೆ ಒಂಬತ್ತಕ್ಕೇ ಬಾಗಿಲು ಹಾಕುತ್ತಾರೆ.